ಬಾವಿಕಟ್ಟೆಯಲ್ಲಿ ಕೂತ ಅನಂತಮತಿ

ಚಾರ್ಮಾಡಿಯಲ್ಲಿ ಹುಲಿಯನ್ನು ಗದರಿಸಿ ದಾರಿ ಬಿಡಿಸಿಕೊಂಡವನು ನಾನು. ನನ್ನ ಮಾತಲ್ಲಿ ಅರ್ಧ ಕಳೆದು ಕೇಳುವವರಿದ್ದಾರೆ. ಇದರಲ್ಲಿ ಮಾತ್ರ ಏನೂ ಕಳೆಯಬೇಡಿ. ಇದು ನನ್ನ ಚಿಕ್ಕಪ್ಪನ ಮಗ ಹೇಮರಾಜನಿಗೆ ಆದದ್ದು.

ಮೂಡುಬಿದಿರೆಯ ಹೇಮರಾಜ ಕ್ಯಾಲೆಂಡರಿಗೆ ಚಿತ್ರ ಬರೆಯುತ್ತಿದ್ದ. ತೊಟ್ಟಿಲು ತೂಗುವ ತಾಯಿ, ಸೈನಿಕನನ್ನು ಕಳಿಸಿಕೊಡುವ ತಂಗಿ, ನೂಲುವ ಅಜ್ಜಿ... ಎಲ್ಲರೂ ಅವನ ಹೆಂಡತಿ ಅನಂತಮತಿಯೇ! ಅಜ್ಜಿಯಾಗಲು ತಲೆಗೆ ಅಕ್ಕಿಹಿಟ್ಟು, ಅಷ್ಟೆ. ಬಂಟ್ವಾಳದ ಜವಳಿ ಅಂಗಡಿಯಲ್ಲಿ ಅವಳು, ಬೆಳ್ತಂಗಡಿಯ ಕ್ಷೌರದಂಗಡಿಯಲ್ಲೂ ಅವಳು. ಸಿದ್ಧಕಟ್ಟೆಯ ಮುದುಕಿಯೊಬ್ಬಳು ಲಕ್ಷ್ಮಿಯೆಂದು ಅವಳಿಗೇ ಕೈಮುಗಿದದ್ದುಂಟು.

"ಸಾಕು, ಏಳು" ಎಂದು ಅವನು ಅನ್ನುವವರೆಗೆ ಅವಳು ಅಲುಗಾಡುತ್ತಿರಲಿಲ್ಲ. ಐವತ್ತೆಂಟನೇ ಇಸವಿಯ ಬೇಸಿಗೆ. ಗಂಡನ ದಾರಿ ಕಾಯುವ ಹೆಂಗಸಿನ ಚಿತ್ರ. ಮನೆಯ ಹತ್ತಿರದ ಬಾವಿಕಟ್ಟೆಯಲ್ಲಿ ಕೆನ್ನೆಗೆ ಕೈ ಕೊಟ್ಟು ಕೂತಿದ್ದಳು. ಯಾರೋ ವ್ಯಾಪಾರಿ ಕರೆದನೆಂದು ಹೇಮರಾಜ ರಸ್ತೆಗೆ ಹೋದ, ಮಾತಿಗೆ ನಿಂತ, ಮರೆತ. ಅವಳು ಬಿಸಿಲಲ್ಲೇ ಕೂತಳು... ಬಿದ್ದಳು. ಏರಿದ ಜ್ವರ ಅವಳನ್ನು ಕೊಂಡುಹೋಯಿತು.

ಆಮೇಲೆ ಯಾವ ಅಂಗಡಿ ಹೊಕ್ಕರೂ ಗೋಡೆಯಲ್ಲಿ ಅವಳು. ಹೇಮರಾಜ ಉಪ್ಪು ತರಲೂ ಹೋಗದಾದ.

ಒಂದು ರಾತ್ರಿ ಮಿಜಾರಿನಿಂದ ನಡೆದು ಬರುತ್ತಿದ್ದ. ನೆರೆಮನೆಯ ಮುಂಡಪ್ಪ ಬೆಳಕಿಗೆಂದು ಉರಿಯುವ ತೆಂಗಿನ ಗರಿಯ ಸೂಟೆ ಬೀಸುತ್ತಾ ಮುಂದೆ. ಸೂಟೆ ಚಟಚಟ... ಬಾವಿಯ ಹತ್ತಿರ ಬಂದದ್ದೇ ಜೀರುಂಡೆಗಳ ಕಿರ್ರೆನ್ನುವ ಸದ್ದು ನಿಂತಿತು.

"ಮುಂಡಪ್ಪಾ... ಕಟ್ಟೆಯಲ್ಲಿ ಯಾರೋ ಉಂಟಲ್ಲ?"

"ನೋಡ್ಬೇಡಿ ಅಣ್ಣ. ಹೋಗುವ."

"ಅವಳೇ ಮಾರಾಯ. ಕೆನ್ನೆಗೆ ಕೈ... ನಾನು ಕೂರಿಸಿದ ಹಾಗೇ."

ತಲೆ ತಿರುಗಿಸದೆ ಅವಳು ಕೇಳಿದಳು: "ಆಯ್ತಾ? ಕುತ್ತಿಗೆ ನೋವಾಗ್ತದೆ."

"ಇನ್ನು ಸ್ವಲ್ಪ" ಅನ್ನುವುದು ಅವನಿಗೆ ಬಾಯಿಪಾಠ. ಹಾಗಂದರೆ ಅವಳು ಕೂತೇ ಇರುತ್ತಾಳೆ. ದಿನಾ ಬಂದು ನೋಡಬಹುದು. "ಸಾಕು" ಅಂದರೆ... ಹೊರಟುಹೋಗುತ್ತಾಳೆ.

"ಪಾಪ, ಬಿಟ್ಟುಬಿಡಿ ಅಣ್ಣ," ಮುಂಡಪ್ಪ ಪಿಸುಗುಟ್ಟಿದ. ಅವನ ಹಲ್ಲು ಕಟಕಟ.

"ಸಾಕು ಅನಂತಮತಿ... ಏಳು."

ಲಟಕ್... ಅವಳ ಮೊಣಕಾಲು. ತುಂಬ ಹೊತ್ತು ಕೂತು ಏಳುವಾಗ ಯಾವಾಗಲೂ ಬರುತ್ತಿದ್ದ ಸದ್ದು. ಘಲ್ ಅಂತ ಬಳೆ. ಮತ್ತೆ ಕಟ್ಟೆ ಖಾಲಿ. ಹೇಮರಾಜ ಆ ಕಲ್ಲನ್ನು ತಬ್ಬಿಕೊಂಡು ಅತ್ತದ್ದನ್ನು ಹೇಳಲು ನನ್ನಂಥ ಬಾಯಾಳಿಗೂ ಆಗುವುದಿಲ್ಲ.

ಮುಂಡಪ್ಪ ಅವನನ್ನು ಎಬ್ಬಿಸಿ ಮನೆಗೆ ಕರೆತಂದ. ಬೀಗ ತೆಗೆದು ಒಳಗೆ ಹೋದರೆ, ಅವಳು ತೀರಿಹೋದಂದಿನಿಂದ ಬೋರಲು ಬಿದ್ದಿದ್ದ ತಾಮ್ರದ ಕೊಡ ನೆಟ್ಟಗೆ ಕೂತಿದೆ. ತುಂಬ ನೀರು. ನೀರು ಸೋಸುವ ಬಟ್ಟೆ ಹಿಂಡಿ ಹಗ್ಗದ ಮೇಲೆ ಹರವಿದೆ, ಇನ್ನೂ ಒದ್ದೆ.

ನಂಬದಿದ್ದರೆ ಬಿಡಿ. ಮರುದಿನ ಬೆಳಿಗ್ಗೆ ಆ ನೀರನ್ನು ನಾನೂ ಕುಡಿದಿದ್ದೇನೆ.