ಮೇಲೆ ಹೋಗದ ಎಂಬತ್ತೈದು

...ಹಾಗಲ್ಲ ತ್ರಿವಿಕ್ರಮ, ಹೋಗಲೇಬೇಡ ಅಂತ ನಾನೆಲ್ಲಿ ಹೇಳಿದೆ? ನಾಳೆ ರೈಲ್ವೆಯ ಭಾರ ಎತ್ತುವ ತಂಡದ ಆಯ್ಕೆ. ನೀನು ರೈಲ್ವೆ ಗುಮಾಸ್ತ, ಹೋಗುವ ಹಕ್ಕು ನಿನಗುಂಟು. ಆದ್ರೆ ತೊಂಬತ್ತೆರಡೂವರೆ ಕಿಲೋ ತಲೆ ಮೇಲೆ ಎತ್ತಬೇಕಂತೆ. ನೀನು ಎತ್ತುವುದೆಷ್ಟು? ನಾನು ಹೇಳುವುದಲ್ಲ, ಪುಸ್ತಕ ಹೇಳ್ತದೆ. ಬಾ, ಆ ಅಕ್ಕಿ ಚೀಲದ ಮೇಲೆ ಕೂತ್ಕೊ. ಊಟದ ಗಲಾಟೆ ಮುಗಿಯಿತು, ಹೋಟೆಲಿನಲ್ಲಿ ಮಾವ ಒಬ್ಬರೇ ಗಲ್ಲಾದಲ್ಲಿ ತೂಕಡಿಸ್ತಾ ಇದ್ದಾರೆ. ಈ ಹಿಂದಿನ ಶೆಡ್ಡಿಗೆ ಯಾರೂ ಬರುವುದಿಲ್ಲ.

ನೋಡು. ದಿನಕ್ಕೆ ಒಂದು ಗೆರೆ. ತಾರೀಕು, ಎಷ್ಟು ಕಿಲೋ, ಎಷ್ಟು ಸಲ. ಇಷ್ಟೇ. ಇದನ್ನು ನಿನಗೆ ಹೇಳಿಕೊಟ್ಟವನೂ ನಾನೇ. ಅಂಕಿ ಮೇಲೆ ಹೋಗುವುದನ್ನು ಕಣ್ಣಾರೆ ಕಂಡವನನ್ನು ಬೆಳಿಗ್ಗೆ ಐದಕ್ಕೆ ಯಾರೂ ಎಬ್ಬಿಸುವುದು ಬೇಡ, ತಾನೇ ಏಳ್ತಾನೆ ಅಂದಿದ್ದೆ. ಸುಳ್ಳಾ? ಮೇ ತಿಂಗಳಿನಲ್ಲಿ ಅರವತ್ತೈದು. ಆಗಸ್ಟಿನಲ್ಲಿ ಎಂಬತ್ತೈದು. ಆಗ ನೀನು ಟ್ರಾಮಿನಲ್ಲಿ ನೇತಾಡಿಕೊಂಡು ಹಾಡ್ತಾ ಬರ್ತಿದ್ದಿ. ಇವತ್ತು ಜನವರಿ ಹದಿನೇಳು. ಎಷ್ಟುಂಟು? ಓದು. ಇಲ್ಲಿ ಕೊಡು, ನಾನೇ ಓದ್ತೇನೆ... ಎಂಬತ್ತೈದು. ನಡುವೆ ಬಿದ್ದು, ಎದ್ದು, ಮತ್ತೆ ಅದೇ ಎಂಬತ್ತೈದು. ಐದು ತಿಂಗಳ ಬೆವರು ಮಾರಾಯ.

ಯಾಕೆ ನಗ್ತೀ? ನಗುವ ವಿಷಯವಾ ಇದು?

...ಓ, ನಗು ಅಲ್ಲ. ಸರಿ, ಒರೆಸಿಕೊ. ನಾನು ನೋಡ್ಲಿಲ್ಲ.

ನನ್ನ ಮಾತು ಕೇಳು. ಕೆಲವರ ಮೈಗೆ ಇಷ್ಟೇ ಅಂತ ಒಂದು ಮಿತಿ ಉಂಟು. ನಾಳೆ ಅಷ್ಟು ಜನರ ಮುಂದೆ ಸರಳು ಕೆಳಗೆ ಹಾಕಿ ಬರುವುದಕ್ಕಿಂತ, ಜ್ವರ ಅಂತ ಒಂದು ಚೀಟಿ ಬರೆ. ನಾನೇ ಕೊಟ್ಟು ಬರ್ತೇನೆ. ನಾನಲ್ಲದೆ ಯಾರು ಮಾಡ್ತಾರೆ ನಿನಗೆ? ಸುಭದ್ರತ್ತೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವುದು ಅದನ್ನೇ, ನಮ್ಮ ಹರಿದಾಸನ ಮನಸ್ಸು ದೊಡ್ಡದು, ತನ್ನ ಭುಜ ಮುರಿದವನಿಗೇ ಕೂತು ಕಲಿಸ್ತಾನೆ ಅಂತ.

ಮುರಿದದ್ದಲ್ಲ, ಗೊತ್ತುಂಟು. ಕೈತಪ್ಪು. ಅರವತ್ತೊಂಬತ್ತನೇ ಇಸವಿಯ ಕಾಳಿಪೂಜೆ, ದೀಪಾವಳಿಯ ರಾತ್ರಿ. ನಾನು ಬೆಂಚಿನ ಮೇಲೆ ಮಲಗಿ ಎತ್ತುವುದು, ನೀನು ತಲೆಯ ಹತ್ತಿರ ನಿಂತು ಸರಳಿಗೆ ಕೈ ಕೊಡುವುದು. ಬೀದಿಯಲ್ಲಿ ಪಟಾಕಿ ಸಿಡಿಯಿತು, ನೀನು ಬಾಗಿಲಿಗೆ ಓಡಿದೆ. ಪಟಾಕಿ ನೋಡ್ಲಿಕ್ಕೆ. ಸರಳು ನನ್ನ ಭುಜದ ಮೇಲೆ ಬಿತ್ತು. ಮುಂದಿನ ತಿಂಗಳ ಪಂದ್ಯಕ್ಕೆ ಹೆಸರು ಕೊಟ್ಟವನು ನಾನು, ಆಸ್ಪತ್ರೆಯಲ್ಲಿ ಮಲಗಿದೆ. ನೀನು ಕಿತ್ತಳೆ ಹಣ್ಣು ತಂದೆ. ತಪ್ಪಾಯಿತು ಅಂತ ಒಂದು ಮಾತು ತರ್ಲಿಲ್ಲ. ಇವತ್ತಿಗೂ ಇಡ್ಲಿ ಪಾತ್ರೆ ಇಳಿಸ್ಲಿಕ್ಕೆ ನನಗೆ ಇನ್ನೊಬ್ಬರು ಬೇಕು. ಬಿಡು. ಅದನ್ನೆಲ್ಲ ಮರೆತಿದ್ದೇನೆ.

ಎಂತ ಮಾಡ್ತಾ ಇದ್ದಿ? ಪುಟ ಯಾಕೆ ಹಿಂದೆ ತಿರುಗಿಸ್ತೀ? ಅಕ್ಟೋಬರ್ ಹನ್ನೆರಡು... ಹೌದು, ಅವತ್ತು ಎಪ್ಪತ್ತೈದಕ್ಕೆ ಬಿದ್ದಿ. ಒಂದು ವಾರದಲ್ಲಿ ಹತ್ತು ಕಿಲೋ ಹೋಗ್ತದಾ ಅಂದ್ರೆ ಹೋಗ್ತದೆ. ದುರ್ಗಾಪೂಜೆಯ ತಿರುಗಾಟ, ನಿದ್ದೆಗೇಡು. ಬೆರಳು ತೆಗಿ ಅಲ್ಲಿಂದ. ಹೌದಪ್ಪ, ಅವತ್ತೇ ಸರಳಿಗೆ ಹಾಕುವ ಹೊಸ ಕಬ್ಬಿಣದ ಪ್ಲೇಟು ನಾಲ್ಕು ಬಂದದ್ದು. ಹಳೆಯದು ಬಿರುಕು ಬಿಟ್ಟಿತ್ತು, ನಾನು ಹೌರಾಕ್ಕೆ ಹೋಗಿ ಎರಕ ಹೊಯ್ಯಿಸಿ ತಂದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ? ಮೇಲೆ ಹತ್ತು ಕಿಲೋ ಅಂತ ಉಂಟಲ್ಲ, ನಿನಗೆ ಓದ್ಲಿಕ್ಕೆ ಬರ್ತದಲ್ಲ.

ಎಲ್ಲಿಗೆ? ಆ ಪ್ಲೇಟನ್ನು ಎಲ್ಲಿಗೆ ಹೊತ್ತುಕೊಂಡು ಹೋಗ್ತೀ? ತ್ರಿವಿಕ್ರಮ, ಅದು ಅಕ್ಕಿ ತೂಗುವ ತಕ್ಕಡಿ, ಮಾವ ಬೈತಾರೆ. ಇಡಬೇಡ... ಹತ್ತರ ಕಲ್ಲು ಹಾಕಿದೆಯಾ. ಪ್ಲೇಟು ಮೇಲೆ ಏಳುವುದಿಲ್ಲ, ಆ ತಕ್ಕಡಿಯೇ ಸರಿ ಇಲ್ಲ. ಎರಡರ ಕಲ್ಲು ಯಾಕೆ? ಇನ್ನೂ ಅರ್ಧದ್ದು...

ಬೈಯುವುದಾದ್ರೆ ಬೈದುಬಿಡು.

ಆಯ್ತು. ಹನ್ನೆರಡೂವರೆ. ನಾಲ್ಕೂ ಹಾಗೇ. ನಾನೇ ಹೇಳಿ ಹೊಯ್ಯಿಸಿದ್ದು. ನಿನ್ನ ಭುಜ ಮುರಿಯುವುದು ನನಗೆ ಬೇಡ ಇತ್ತು, ನಿನ್ನ ಆಸೆ ಮುರೀಬೇಕಿತ್ತು. ನೀನು ಅಂಕಿ ಬರೆದು ಪುಸ್ತಕ ಮುಚ್ಚುವಾಗ ನಿನ್ನ ಮುಖ ನೋಡ್ಲಿಕ್ಕೆಂದೇ ದಿನಾ ಇಲ್ಲಿ ನಿಲ್ತಿದ್ದೆ. ಹೊಟ್ಟೆ ತಣ್ಣಗಾಗ್ತಿತ್ತು. ಇವತ್ತು ಬಿಟ್ಟು ಹೋಗ್ತಾನೆ, ನಾಳೆ ಹೋಗ್ತಾನೆ ಅಂತ ಕಾದೆ. ನವೆಂಬರಿಡೀ ಕಾದೆ. ನೀನು ಹೋಗ್ಲಿಲ್ಲ. ಈ ವಾರವಿಡೀ ಎಂಬತ್ತೈದು ಅಂತ ಬರೆದು ನೀನು ಎತ್ತಿದ್ದು ತೊಂಬತ್ತೈದು. ಅದು ಗೊತ್ತಿದ್ದವನು ಈ ಕಲ್ಕತ್ತೆಯಲ್ಲಿ ನಾನೊಬ್ಬನೇ.

ಹಾಗೆ ನೋಡಬೇಡ. ಹೊಡಿ ಬೇಕಾದ್ರೆ, ಈ ಎಡ ಭುಜ ಬಿಟ್ಟು ಬಲಗಡೆ ಹೊಡಿ.

...ಟವೆಲು ಮಡಚಿ ಚೀಲಕ್ಕೆ ಹಾಕ್ತಾ ಇದ್ದಿ. ಹಾಗಾದ್ರೆ ನಾಳೆ ಹೋಗುವವನೇ. ಹೋಗು. ಗೆಲ್ತೀ ನೀನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೆದ್ದ ಮೇಲೆ ಅವರು ಕೇಳ್ತಾರೆ, ಯಾರ ಹತ್ತಿರ ಕಲಿತದ್ದು ಅಂತ. ತ್ರಿವಿಕ್ರಮ, ಕೈ ಮುಗೀತೇನೆ... ನನ್ನ ಹೆಸರು ಹೇಳಬೇಡ.