ಮೈಕತ್ತೆಯ ಪಾಳಿ

ಕಿಟಕಿ ತೆರೆದಿದ್ದರೆ ತೆರೆದೇ ಇರಲಿ. ಯಾರಾದರೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದರೆ ಮಾತ್ರ ತೆಗೆದಿಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಅವರಿವರ ಬಾಯಿಂದ ಕೇಳಿದ್ದಲ್ಲ.

ಅವನನ್ನು ನಾವೆಲ್ಲ ಸ್ಕ್ರೂ ಅಂತಲೇ ಕರೆಯುವುದು. ಗಡಿಯಾರ, ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ. ಕಿವಿಯ ಮೇಲೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಕೈ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಬಾಯಿ ಮತ್ತು ಜಂಬ... ಅದರ ಮಾತು ಬೇಡ.

ಅವತ್ತು ಅಂಗಡಿ ಬಾಗಿಲು ಹಾಕಿದಾಗ ರಾತ್ರಿ ಹನ್ನೊಂದೂ ಮುಕ್ಕಾಲು. ಗೋದಾಮಿನ ಹಿಂದಿನ ಓಣಿಯಲ್ಲಿ ಮನೆಗೆ ನಡೆದು ಬರುತ್ತಿದ್ದ. ಆ ಓಣಿಯಲ್ಲಿ ಒಂದು ಹಾಳು ಬಾವಿ. ಕಬ್ಬಿಣದ ಮುಚ್ಚಳ ಹಾಕಿ, ನಾಲ್ಕು ಬೋಲ್ಟ್ ಬಿಗಿದು ಎಷ್ಟೋ ವರ್ಷವಾಯಿತು. ರಾಟೆ ಇಲ್ಲ, ಹಗ್ಗ ಇಲ್ಲ. ಇವನ ಕಿವಿಯಲ್ಲಿ ಇಯರ್‌ಫೋನ್, ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಪ್ಲೇಯರ್. ಒಂದು ಹಾಡು ಮುಗಿಯಿತು.

"ಮುಂದಿನ ಹಾಡು."

ಹೆಂಗಸಿನ ಧ್ವನಿ. ಗುಂಡಿ ಒತ್ತಿದರೆ ಆ ಪ್ಲೇಯರ್ ಹಾಗೆ ಹೇಳುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಇವನು ಜೇಬಿಗೆ ಕೈಯೇ ಹಾಕಿರಲಿಲ್ಲ.

"ಮುಂದಿನ ಹಾಡು... ಶಬ್ದ, ಇಪ್ಪತ್ತೆಂಟು... ನಿಲ್ಲಿಸು... ಹಿಂದಿನ ಹಾಡು... ಬ್ಯಾಟರಿ, ಅರವತ್ತೊಂದು..."

ಒಂದರ ಬೆನ್ನಿಗೆ ಒಂದು. ಉಸಿರಿಗೂ ಬಿಡುವಿಲ್ಲ. ಗಂಟಲು ಕಟ್ಟಿ, ಒಡೆದು, ಕೊನೆಯ ಅಕ್ಷರ ಬರೀ ಗಾಳಿಯಾಗಿ ಬರುತ್ತಿತ್ತು. ಸ್ಕ್ರೂ ನಿಂತುಬಿಟ್ಟ. ಆ ಧ್ವನಿಯ ಹೆಂಗಸು ತೀರಿಕೊಂಡು ಅವತ್ತಿಗೆ ಹದಿನೇಳು ದಿನ.

ತಡೆಯಿರಿ. ಆಕೆ ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನದು ಎಂಥಾ ತಪ್ಪು ಅನ್ನುವುದು ನಿಮಗೆ ತಿಳಿಯುವುದಿಲ್ಲ.

ಸ್ಕ್ರೂನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹಾಡು ಅಂದರೆ ಪ್ರಾಣ. ಆದರೆ ಪ್ಲೇಯರಿನ ಪರದೆಯಲ್ಲಿ ಮೂಡುವ ಅಕ್ಷರ ಅವಳಿಗೆ ಯಾವ ಕೆಲಸಕ್ಕೆ? ಪ್ರತಿ ಹಾಡಿಗೂ "ಲೋ, ಬಾರೋ, ಎಲ್ಲಿದೆ ನೋಡೋ" ಅಂತ ಇವನನ್ನು ಕೂಗಬೇಕು. ಅದಕ್ಕೆ ಸ್ಕ್ರೂ ಅವಳ ಪ್ಲೇಯರಿಗೆ ಕಂಪನಿ ಹಾಕಿಕೊಟ್ಟಿದ್ದ ಸಾಫ್ಟ್‌ವೇರನ್ನು ಪೂರ್ತಿ ಕಿತ್ತು, ಬೇರೆಯದನ್ನು ತುಂಬಿದ. ಹವ್ಯಾಸಕ್ಕೆಂದು ಬರೆದು ಊರಿಗೆಲ್ಲ ಪುಕ್ಕಟೆ ಹಂಚುವವರ ಸಾಫ್ಟ್‌ವೇರ್ ಅದು. ಯಾವ ಗುಂಡಿ ಒತ್ತಿದರೂ ಏನಾಯಿತೆಂದು ಬಾಯಿಬಿಟ್ಟು ಹೇಳುತ್ತದೆ. ಆದರೆ ಬಾಯಿಯನ್ನು ನಾವು ಕೊಡಬೇಕು. ನಮ್ಮ ಭಾಷೆಯಲ್ಲಿ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಓದಿ ತುಂಬಬೇಕು.

ಓದಿದ್ದು ಮಹಡಿಯ ಮೇಲಿನ ಮೈಕತ್ತೆ. ನೆಂಟರೇನಲ್ಲ, ಕೇರಿಗೆಲ್ಲ ಅತ್ತೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿದವರು. ಕಂಚಿನ ಕಂಠ. ಮೂಗಿನ ತುದಿಯಲ್ಲೇ ಕೋಪ. ಸ್ಕ್ರೂ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು, ಅಕ್ಕನ ಮುಖ ನೋಡಿ ಒಪ್ಪಿದರು ಅಷ್ಟೇ.

ಹನ್ನೊಂದು ಸಂಜೆ ನಡೆಯಿತು ಕೆಲಸ. ಅಕ್ಕನ ಕೋಣೆಯ ಬಾಗಿಲಿಗೂ ಕಿಟಕಿಗೂ ರಜಾಯಿ ನೇತುಹಾಕಿ, ಫ್ಯಾನು ನಿಲ್ಲಿಸಿ, ಮೂವರೂ ಬೆವರುತ್ತ ಕೂರುತ್ತಿದ್ದರು. ಆ ಸಾಫ್ಟ್‌ವೇರ್ ಪರದೇಶದವರು ಬರೆದದ್ದು. ಮೂವತ್ತು ಬೇರೆ, ನಾಲ್ಕು ಬೇರೆ ಓದಿಸಿಕೊಂಡು ತಾನೇ ಜೋಡಿಸುತ್ತದೆ. ಮೈಕತ್ತೆ ಕಾಗದ ಎಸೆದರು.

"ಮೂವತ್ತು ನಾಲ್ಕು ಅಂತ ಯಾವನಾದ್ರೂ ಅಂತಾನೇನೋ? ಮೂವತ್ನಾಲ್ಕು! ನಾನು ಬಾಯ್ಬಿಟ್ರೆ ಸರಿಯಾಗಿ ಬಿಡ್ತೀನಿ, ಇಲ್ಲಾಂದ್ರೆ ಇಲ್ಲ."

ಒಂದರಿಂದ ನೂರರವರೆಗೆ ಬಿಡದೆ ಓದಿದರು. ಅವರ ಹಟಕ್ಕೆ ಸ್ಕ್ರೂ ಮೂರು ರಾತ್ರಿ ಕೂತು ಸಾಫ್ಟ್‌ವೇರನ್ನೇ ತಿದ್ದಿದ. ಬೈದುಕೊಂಡೇ ತಿದ್ದಿದ.

ಮೈಕತ್ತೆಗೆ ಎರಡು ಅಭ್ಯಾಸ. ಒಂದು, ನೀರು ಕುಡಿದ ಮೇಲೆ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕುವುದು. ನಿಲ್ದಾಣದ ಧೂಳಿಗೆ ಹೆದರಿ ಬಂದ ಅಭ್ಯಾಸ. ಇನ್ನೊಂದು, ಸಂಜೆಯ ಕೆಲಸ ಮುಗಿಸಿ ಏಳುವ ಮೊದಲು "ಪಾಳಿ ಬಿಟ್ಟೆ" ಅನ್ನುವುದು. ಎದುರಿಗಿದ್ದವರು "ತಗೊಂಡೆ" ಅನ್ನಬೇಕು. ಅಲ್ಲಿಯವರೆಗೆ ಕುರ್ಚಿ ಬಿಡುತ್ತಿರಲಿಲ್ಲ. ಮೈಕ್ ಒಂದು ನಿಮಿಷವೂ ಖಾಲಿ ಇರಬಾರದು ಅನ್ನುವುದು ಅವರ ಕೆಲಸದ ಕಟ್ಟುನಿಟ್ಟು. ಒಮ್ಮೆ ಮುಂದಿನ ಪಾಳಿಯವಳು ಬರದೆ, ಜ್ವರದಲ್ಲೇ ಇನ್ನೂ ಎಂಟು ಗಂಟೆ ಕೂಗಿದ್ದರಂತೆ. ಮೊದಮೊದಲು ಸ್ಕ್ರೂ ನಗುತ್ತಿದ್ದ. ಮೂರನೇ ದಿನದ ಹೊತ್ತಿಗೆ ಅವರು "ಬಿಟ್ಟೆ" ಅನ್ನುವುದರೊಳಗೆ ಇವನ ಬಾಯಿಂದ "ತಗೊಂಡೆ" ತಾನಾಗಿ ಬಂದುಬಿಡುತ್ತಿತ್ತು.

ಕೊನೆಯ ಸಂಜೆ ಆಕೆ ಇವನ ಕೈ ಹಿಡಿದುಕೊಂಡರು. ಅಕ್ಕ ಅಲ್ಲೇ ಇದ್ದಳು.

"ನೋಡೋ. ನಾನು ಇರೋವರೆಗೆ ಇರಲಿ. ಸತ್ತ ದಿನ ಇದನ್ನ ಅಳಿಸಿಬಿಡು. ಇಷ್ಟು ವರ್ಷ ನಿಲ್ದಾಣದಲ್ಲಿ ಯಾರೋ ಗಂಟೆ ಒತ್ತಿದಾಗಲೆಲ್ಲ ಬಾಯಿ ಬಿಟ್ಟಿದ್ದಾಯ್ತು. ಸತ್ತ ಮೇಲೂ ಯಾರೋ ಗುಂಡಿ ಒತ್ತಿದ್ರು ಅಂತ ನಾನು ಕೂಗಲ್ಲ. ಮಾತು ಕೊಡು."

ಕೊಟ್ಟ. ಮಾತು ಕೊಡುವುದಕ್ಕೇನು, ಅವನ ಬಾಯಲ್ಲಿ ಅದಕ್ಕೆ ಬರವಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೈಕತ್ತೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಅಕ್ಕ ಅತ್ತು ಅತ್ತು, ಸಂಜೆ ತಾನಾಗಿಯೇ ಪ್ಲೇಯರನ್ನು ತಮ್ಮನ ಕೈಗಿಟ್ಟಳು.

"ಅಳಿಸೋ."

"ಸತ್ತವರಿಗೆ ಏನು ಗೊತ್ತಾಗುತ್ತಕ್ಕ? ಅಷ್ಟು ಕಷ್ಟಪಟ್ಟು ಮಾಡಿದ್ದು."

"ಮಾತು ಕೊಟ್ಟಿದ್ದೀಯ."

"ಆಯ್ತಮ್ಮಾ, ನಾಳೆ."

ನಾಳೆ ಬರಲಿಲ್ಲ. ಬರುವುದಿರಲಿ, ಅದೇ ರಾತ್ರಿ ಇವನು ಆ ಧ್ವನಿಯನ್ನು ತನ್ನ ಪ್ಲೇಯರಿಗೂ ತುಂಬಿಕೊಂಡು, ಇಂಟರ್ನೆಟ್ಟಿಗೂ ಏರಿಸಿ, ಬೇಕಾದವರು ತಗೊಳ್ಳಿ ಎಂದು ಬರೆದ. ಕೆಳಗೆ ತನ್ನ ಹೆಸರು. ಆಕೆಯದು ಎಲ್ಲೂ ಇಲ್ಲ. ಜನ ತಗೊಂಡರು, ಹೊಗಳಿದರು. ಎಷ್ಟು ಜನ ತಗೊಂಡರು ಅನ್ನುವ ಸಂಖ್ಯೆಯನ್ನು ಇವನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತ ಕೂತ. ನನಗೂ ತೋರಿಸಿದ್ದ. ಅವತ್ತೇ ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು, ಬಾರಿಸಲಿಲ್ಲ.

ಐದನೇ ದಿನ, ಅವನು ಹಾಗೇ ವಾಪಸು ಕೊಟ್ಟಿದ್ದ ಪ್ಲೇಯರಿನಲ್ಲಿ ಹಾಡು ಕೇಳುತ್ತ ಅಕ್ಕ ಅಂದಳು. "ಲೋ, ಅತ್ತೆಗೆ ಗಂಟಲು ಕಟ್ಟಿದೆ ಕಣೋ."

"ಫೈಲಿಗೆ ನೆಗಡಿ ಆಗುತ್ತೇನಕ್ಕ?" ಅಂತ ನಕ್ಕ. ಆದರೂ ಹಳೆಯ ಪ್ರತಿಯ ಪಕ್ಕ ಇಟ್ಟು ನೋಡಿದ. ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಹತ್ತನೇ ದಿನಕ್ಕೆ ಕೆಮ್ಮು ಕೇಳಿಸಿತು. ಎರಡು ಪದಗಳ ನಡುವೆ... ಖೊಕ್, ಖೊಕ್... ಓದಿಸುವಾಗ ಆಕೆ ಒಂದು ಸಲವೂ ಕೆಮ್ಮಿರಲಿಲ್ಲ. ಅಕ್ಕ ಅವತ್ತಿನಿಂದ ತಮ್ಮನೊಡನೆ ಮಾತು ಬಿಟ್ಟಳು.

ಈಗ ಬಾವಿಯ ಹತ್ತಿರ ಬನ್ನಿ.

ಸ್ಕ್ರೂ ಇಯರ್‌ಫೋನ್ ಕಿತ್ತ. ಧ್ವನಿ ನಿಲ್ಲಲಿಲ್ಲ. ಪ್ಲೇಯರ್ ಆರಿಸಿದ. ನಿಲ್ಲಲಿಲ್ಲ... ಕಬ್ಬಿಣದ ಮುಚ್ಚಳದ ಕೆಳಗಿನಿಂದ ಬರುತ್ತಿತ್ತು. "ಮುಂದಿನ ಹಾಡು... ನಿಲ್ಲಿಸು... ಶಬ್ದ, ಹನ್ನೆರಡು..." ಆಮೇಲೆ ಇನ್ನೊಂದು ಸದ್ದು. ಕಿರ್ರ್... ಕಿರ್ರ್... ರಾಟೆಯದು. ಹಗ್ಗ ಕೆಳಗಿಳಿಯುತ್ತಿರುವ ಸರಸರ. ತಳದಲ್ಲಿ ಠಣ್ ಅಂತ ಬರೀ ಕಲ್ಲಿಗೆ ಕೊಡ ಬಡಿದ ಸದ್ದು.

"ನೀರು."

ಓದಿಸಿದ ಪಟ್ಟಿ ಸ್ಕ್ರೂಗೆ ಬಾಯಿಪಾಠ. ಅದರಲ್ಲಿ ನೀರು ಅನ್ನುವ ಪದವೇ ಇಲ್ಲ.

"ಅತ್ತೆ..." ಅಂದ.

"ಅಳಿಸಿದ್ಯಾ?"

"ಅಳಿಸ್ತೀನಿ. ಈಗಲೇ ಅಳಿಸ್ತೀನಿ."

"ಎಷ್ಟು ಜನ ಒತ್ತುತಾ ಇದ್ದಾರೋ?"

"...ನಾನೂರ ಹನ್ನೆರಡು."

"ಅಷ್ಟೂ ಅಳಿಸ್ತೀಯಾ?"

ಯಾವ ಊರಿನ ಯಾರ ಜೇಬಿನಲ್ಲಿದೆಯೋ. ಒಮ್ಮೆ ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುವ ದಾರಿ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ತೊಟ್... ತೊಟ್... ನೀರಿಲ್ಲದ ಬಾವಿಯಲ್ಲಿ ಏನೋ ತೊಟ್ಟಿಕ್ಕುತ್ತಿತ್ತು.

ಆಮೇಲೆ, ಕರ್ರ್ ಅಂತ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅಕ್ಕನ ಕೋಣೆಯ ಮರದ ಕುರ್ಚಿಯದೇ ಸದ್ದು.

"ಪಾಳಿ ಬಿಟ್ಟೆ."

"ತಗೊಂಡೆ."

ಅಂದುಬಿಟ್ಟ! ಬೇಕೆಂದು ಅಂದದ್ದಲ್ಲ. ಹನ್ನೊಂದು ಸಂಜೆಯ ರೂಢಿ, ಬಾಯಿ ತಾನಾಗಿ ಆಡಿತು. ತುಟಿಗೆ ಕೈ ಒತ್ತಿಕೊಳ್ಳುವಷ್ಟರಲ್ಲಿ ಮುಗಿದುಹೋಗಿತ್ತು. ಬಾವಿಯೊಳಗೆ ಆಮೇಲೆ ಯಾವ ಸದ್ದೂ ಇಲ್ಲ.

ಓಡಿ ಮನೆಗೆ ಬಂದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಮಾತಾಡಿದಳು.

"ಅತ್ತೆ ಸುಮ್ಮನಾದ್ರು ಕಣೋ. ಹಾಡು ಬರುತ್ತೆ, ಮಾತು ಬರಲ್ಲ. ಅಳಿಸಿದ್ಯಾ?"

"ಹೂಂ," ಅಂದ. ಆಮೇಲೆ ಕೂತು ನಿಜವಾಗಿಯೂ ಅಳಿಸಿದ. ಅಕ್ಕನದರಿಂದ, ತನ್ನದರಿಂದ, ಇಂಟರ್ನೆಟ್ಟಿನಿಂದ. ಎಲ್ಲ ಮುಗಿಸಿ, ಬದುಕಿದೆ ಅಂದುಕೊಂಡು ಮಲಗಿದ.

ಬೆಳಗಿನ ಜಾವ ಅಕ್ಕ ಹಾಡು ಕೇಳೋಣವೆಂದು ಪ್ಲೇಯರ್ ಹಚ್ಚಿ, ಶಬ್ದದ ಗುಂಡಿ ಒತ್ತಿದಳು.

"ಶಬ್ದ, ಹತ್ತು."

ತಮ್ಮನ ಧ್ವನಿ.

"ಯಾವಾಗ ಓದಿದ್ಯೋ ಇದನ್ನ?" ಅಂತ ಗೋಡೆಯಾಚೆಗೆ ಕೂಗಿದಳು. ಬಂದದ್ದು ಗೊರಕೆ. ಇನ್ನೊಮ್ಮೆ ಒತ್ತಿದಳು. "ಶಬ್ದ, ಹನ್ನೊಂದು." ಕಣ್ಣಿಲ್ಲದವಳ ಕಿವಿ ನೋಡಿ, ಈ ಸಲ ಹಿಡಿದುಬಿಟ್ಟಿತು. ಮಾತು ಬಂದದ್ದು ಕೈಯಲ್ಲಿದ್ದ ಪ್ಲೇಯರಿನಿಂದ ಒಂದು, ಪಕ್ಕದ ಕೋಣೆಯಿಂದ ಒಂದು. ಪಕ್ಕದ ಕೋಣೆಯದು ಕೂದಲೆಳೆಯಷ್ಟು ಮುಂಚೆ.

ಮೂರನೇ ಸಲ ಒತ್ತಲಿಲ್ಲ. ಬ್ಯಾಟರಿ ಬಿಚ್ಚಿ, ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದಳು. ಅದಾದ ಮೇಲೆ ಅವಳು ಹಾಡು ಕೇಳಿಲ್ಲ. "ಅವನಿಗೆ ಆಗಬೇಕಾದ್ದೇ ಆಗಿದೆ," ಅಂದಳು ನನ್ನ ಹತ್ತಿರ. ಹಾಗಂದವಳೇ ಸೆರಗು ಕಣ್ಣಿಗೆ ಒತ್ತಿಕೊಂಡಳು. "ಆದ್ರೂ ಒತ್ತೋರಲ್ಲಿ ನಾನೊಬ್ಬಳು ಕಡಿಮೆ ಆಗ್ಲಿ."

ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಹೊಸ ಗಂಡು ಧ್ವನಿ ಪರವಾಗಿಲ್ಲ, ತಾನಾಗಿ ಬಂತು, ಸ್ವಲ್ಪ ಒರಟು, ಯಾರದು? ಸ್ಕ್ರೂ ಅದನ್ನು ನನಗೆ ತೋರಿಸಿದ. ಈ ಸಲ ಸಂಖ್ಯೆಯ ಮಾತೆತ್ತಲಿಲ್ಲ. ಹೊಡೆಯಬೇಕು ಅನ್ನಿಸಲಿಲ್ಲ.

ಹೋದ ತಿಂಗಳು ನಾನು ಅವರ ಮನೆಯಲ್ಲಿ ಉಳಿದಿದ್ದೆ. ಅವನ ಕೋಣೆಯಲ್ಲೇ ನೆಲದ ಮೇಲೆ ಹಾಸಿಕೊಂಡು ಮಲಗಿದ್ದೆ. ಎರಡೂವರೆಗೆ ಎಚ್ಚರವಾಯಿತು.

"ಮುಂದಿನ ಹಾಡು... ಮುಂದಿನ ಹಾಡು... ಮುಂದಿನ ಹಾಡು..."

ಕಣ್ಣು ಮುಚ್ಚಿದೆ, ಬಾಯಿ ಆಡುತ್ತಿದೆ. ಎಲ್ಲೋ ಯಾರಿಗೋ ಯಾವ ಹಾಡೂ ಹಿಡಿಸುತ್ತಿರಲಿಲ್ಲ. ಅಲುಗಾಡಿಸಿದೆ, ಏಳಲಿಲ್ಲ. ಗಂಟಲು ಒಡೆದುಹೋಗಿತ್ತು. ನಾಲ್ಕು ಗಂಟೆಗೆ ಒಮ್ಮೆಲೇ ನಿಂತಿತು. ಸದ್ಯ, ಅಂದುಕೊಂಡೆ... ಅವನು ನಿದ್ದೆಯಲ್ಲೇ ನಿಧಾನಕ್ಕೆ ನನ್ನ ಕಡೆ ಹೊರಳಿದ.

"ಪಾಳಿ ಬಿಟ್ಟೆ."

ಅಂದು, ಕಾದ.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಸ್ವಂತ ಚಿಕ್ಕಪ್ಪನ ಮಗ, ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವನು. ಆದರೂ ಮುಚ್ಚಿಕೊಂಡೇ ಇದ್ದೆ. ನನಗೆ ನಾಚಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ಕಾದು ಅವನು ಮತ್ತೆ ಅಂಗಾತ ಹೊರಳಿ ಶುರು ಮಾಡಿದ. "ಶಬ್ದ, ಮೂವತ್ನಾಲ್ಕು..."

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಇದ್ದೆ, ಕಂಡೆ. ಬೆಳಕು ಹರಿಯುವವರೆಗೆ ಕಣ್ಣು ಮುಚ್ಚಲಿಲ್ಲ. ಅವನು ಹಾಸಿಗೆ ಬಿಟ್ಟು ಎದ್ದಿಲ್ಲ, ಕೋಣೆಗೆ ಯಾರೂ ಬಂದಿಲ್ಲ. ಮಲಗುವಾಗ ಅವನ ತಲೆದೆಸೆಯ ಮೇಜಿನ ಮೇಲೆ ನೀರು ತುಂಬಿದ ಲೋಟವನ್ನು ನಾನೇ ಇಟ್ಟಿದ್ದೆ, ಎರಡೂವರೆಗೆ ಎದ್ದಾಗಲೂ ಅದು ತುಂಬಿಯೇ ಇತ್ತು. ಬೆಳಗ್ಗೆ ಮೇಜಿನ ಮೇಲೆ ಒಂದು ಹನಿ ನೀರಿಲ್ಲ, ಲೋಟ ಬೋರಲಾಗಿತ್ತು.