ಎಡಪಕ್ಕೆಯ ಸದ್ದು

ನನ್ನ ಚಿಕ್ಕಪ್ಪನ ಮಗಳು ದುರ್ಗಾ ಆ ರಾತ್ರಿ ಊರಾಚೆಯ ಹಾಳುಬಾವಿ ದಾಟಿ ಮನೆಗೆ ಬರುತ್ತಿದ್ದಳು. ಒಬ್ಬಳೇ... ಸೆರಗಿನೊಳಗೆ ಎಡಪಕ್ಕೆ ಒತ್ತಿ ಹಿಡಿದು.

ದೆವ್ವ ಇಲ್ಲ ಎಂದು ಹಡಗಲಿಯಿಂದ ಕೂಡ್ಲಿಗಿವರೆಗೆ ಮೈಕಿನಲ್ಲಿ ಒದರಿದವನು ನಾನು. ನಗುವವರು ನಗಿರಿ. ಆದರೆ ಪೂರ್ತಿ ಕೇಳಿ.

ಮೈ ತಿಕ್ಕುವ ಅಂಜಿನಕ್ಕನ ಮನೆಗೆ ಅವಳು ಕದ್ದು ಹೋಗಿದ್ದಳು. ಯಾಕೆ ಕದ್ದು? ಹೇಳಲು ನಾಚಿಕೆಯಾಗುತ್ತದೆ. ಹಿಂದಿನ ವಾರ ಮನೆಮಂದಿಯೆಲ್ಲ ಮೈಲಾರಕ್ಕೆ ಹೋಗಿ ಬರುವಾಗ ಕಾರು ಮೋರಿಕಟ್ಟೆಗೆ ಬಡಿದಿತ್ತು. ಓಡಿಸುತ್ತಿದ್ದವನು ಅವಳ ಭಾವ, ಗಂಡನ ಅಣ್ಣ ಓಬಣ್ಣ. ಹಿಂದೆ ಕೂತಿದ್ದ ದುರ್ಗಾ ಮುಂದಿನ ಸೀಟಿಗೆ ಹೋಗಿ ಅಪ್ಪಳಿಸಿದಳು. ದವಾಖಾನೆಯಲ್ಲಿ ಡಾಕ್ಟರು ಒಬ್ಬೊಬ್ಬರನ್ನೇ ಕೇಳಿದರು. ಅವಳ ಸರದಿ ಬಂದಾಗ ಓಬಣ್ಣ ಪಕ್ಕದಲ್ಲೇ ನಿಂತಿದ್ದ.

ನಮ್ಮ ಮನೆಗಳಲ್ಲಿ ಕಿರಿಸೊಸೆ ಭಾವನ ಮುಂದೆ ತಲೆಯ ಸೆರಗು ಸರಿಸುವುದಿಲ್ಲ, ದನಿ ಎತ್ತುವುದಿಲ್ಲ. ಅಂಥವನೆದುರು ಎದೆ ನೋಯುತ್ತದೆ ಎನ್ನುವುದು ಹೇಗೆ? ಅಂದರೆ, ನಿನ್ನಿಂದಲೇ ಹೀಗಾಯಿತು ಎಂದ ಹಾಗೆ.

"ಏನಿಲ್ರಿ," ಅಂದಳು.

ತರಚಿದವರೆಲ್ಲ ಔಷಧಿ ಹಚ್ಚಿಸಿಕೊಂಡರು. ಮುರಿದವಳು ಮನೆಗೆ ಬಂದು ರೊಟ್ಟಿ ಬಡಿದಳು. ಒಂದೊಂದು ಬಡಿತಕ್ಕೂ ಕಣ್ಣಿಗೆ ಕತ್ತಲೆ. ಇದಕ್ಕೆ ನಾವು ಮರ್ಯಾದೆ ಅಂತ ಹೆಸರಿಟ್ಟಿದ್ದೇವೆ. ಥೂ!

ಅಂಜಿನಕ್ಕ ತಿಕ್ಕಿದ ಮೇಲೆ ನೋವು ಇನ್ನೂ ಹೆಚ್ಚಾಯಿತು. ಉಸಿರು ಎಳೆದಾಗೆಲ್ಲ ಪಕ್ಕೆಯೊಳಗೆ ಒಂದು ಸಣ್ಣ ಸದ್ದು. ಕಟಕ್... ಅಡಿಕೆ ಹೋಳು ಹಲ್ಲಿಗೆ ಸಿಕ್ಕ ಹಾಗೆ.

ಬಾವಿಯ ಹತ್ತಿರ ಸುಧಾರಿಸಿಕೊಳ್ಳಲು ನಿಂತಳು.

ಕಟಕ್.

...ಕಟಕ್.

ಎರಡು ಸದ್ದು. ಎರಡನೆಯದು ಸ್ವಲ್ಪ ತಡವಾಗಿ.

ಉಸಿರು ಬಿಗಿ ಹಿಡಿದಳು. ತನ್ನದು ನಿಂತಿತು.

...ಕಟಕ್.

ಬಾವಿಕಟ್ಟೆಯ ಮೇಲೆ ತಲೆತುಂಬ ಸೆರಗು ಹೊದ್ದ ಹೆಂಗಸು ಕೂತಿದ್ದಳು. ಮುಖ ಕಾಣಲಿಲ್ಲ.

"ಎಡಕ್ಕೇನವ್ವಾ?" ಪಿಸುಮಾತು.

"ಹೂಂ..."

"ಯಾರಿಗೆ ಹೇಳಿದಿ?"

"ಯಾರಿಗೂ ಇಲ್ಲ. ನಾಚಿಕಿ."

"ನಾನೂ ಹೇಳಲಿಲ್ಲ... ಮನಿಯಾಗ ಗಂಡಸರಿದ್ರು."

ಓಡಲು ಆಗಲಿಲ್ಲ ಅವಳಿಗೆ. ನಡೆದಳು. ಕಟಕ್... ಕಟಕ್... ಹಿಂದೆಯೇ ಬಂತು, ಹೊಸ್ತಿಲವರೆಗೆ.

ಒಳಗೆ ಓಬಣ್ಣ ಉಣ್ಣಲು ಕೂತಿದ್ದ. ಅತ್ತೆ ದ್ಯಾಮಕ್ಕ ಬಡಿಸುತ್ತಿದ್ದಳು. ದುರ್ಗಾ ನಡುಮನೆಯಲ್ಲೇ ನಿಂತಳು.

"ಅತ್ತಿ, ನನ್ನ ಎದಿ ಎಲುಬು ಮುರಿದೈತಿ. ದವಾಖಾನಿಗೆ ಕರಕೊಂಡು ಹೋಗ್ರಿ."

"ಭಾವ ಉಣ್ಣಾಕ ಕುಂತಾನ, ಅವನ ಮುಂದ ಎದಿ ಗಿದಿ ಅಂತೀಯೇನ್ಲೇ? ನಾಚಿಕಿ ಎಲ್ಲಿ ಇಟ್ಟು ಬಂದಿ?"

"ಬಾವ್ಯಾಗ ಹಾಕಿ ಬಂದೀನಿ."

ಓಬಣ್ಣನ ಕೈ ತಟ್ಟೆಯಲ್ಲೇ ನಿಂತಿತು.

"ಆವತ್ತೇ ಹೇಳಬಾರದೇನವ್ವಾ..." ತಟ್ಟೆಗೆ ಹೇಳಿದ ಹಾಗೆ ಹೇಳಿದ. ತಲೆ ಎತ್ತಲಿಲ್ಲ. ಎಂಜಲು ಕೈಯಲ್ಲೇ ಎದ್ದು ಕಾರಿನ ಬೀಗದಕೈ ಹುಡುಕತೊಡಗಿದ. ಇಬ್ಬರನ್ನೂ ಕೂರಿಸಿಕೊಂಡು ಆ ರಾತ್ರಿಯೇ ಹರಪನಹಳ್ಳಿ ದವಾಖಾನೆ ಮುಟ್ಟಿಸಿದ.

ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಬೈದರು: "ಎರಡು ಪಕ್ಕೆಲುಬು ಮುರಿದಾವ. ಒಂದರ ತುದಿ ಒಳಗ ಚುಚ್ಚಾಕ ಬಂದೈತಿ. ಇನ್ನೊಂದು ಸಲ ತಿಕ್ಕಿಸಿದ್ರ ಜೀವಾನೇ ಹೋಗ್ತಿತ್ತು." ಆಮೇಲೆ ಅವೆರಡರ ಕೆಳಗಿನ ಇನ್ನೊಂದು ಎಲುಬಿನ ಮೇಲೆ ಪೆನ್ನು ಇಟ್ಟರು. "ಇದು ಮುರಿದದ್ದು ಬಾಳ ಹಳೇದು. ಕೂಡೇ ಇಲ್ಲ. ಯಾವಾಗ ಬಿದ್ದಿದ್ದಿ?"

"ಎಂದೂ ಬಿದ್ದಿಲ್ರಿ."

ದ್ಯಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಳು. ಆ ಹಳೆಯ ಮುರಿತ ಯಾರದೆಂದು ಗೊತ್ತಿದ್ದವಳ ಹಾಗೆ. ಇವತ್ತಿಗೂ ಹೇಳಿಲ್ಲ.

ದುರ್ಗಾ ಉಳಿದಳು. ಎರಡು ತಿಂಗಳ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಅವಳ ಎರಡು ಎಲುಬೂ ಚೆನ್ನಾಗಿ ಕೂಡಿದ್ದವು. ಕೆಳಗಿನದು... ಅದರಲ್ಲಿ ಒಂದು ಗೀರೂ ಇರಲಿಲ್ಲ.

ಎರಡೂ ಹಾಳೆಗಳನ್ನು ನಾನೇ ಕಿಟಕಿಗೆ ಹಿಡಿದು ನೋಡಿದ್ದೇನೆ. ಎರಡರ ಮೇಲೂ ಅವಳದೇ ಹೆಸರು. ಇದು ನಡೆದದ್ದು.